ತಮ್ಮನ ಬ್ಯಾಗು, ಅಕ್ಕನ ಬೆನ್ನು

ಪ್ರಶ್ನೆ: ನಾನು ಮುಳ್ಳೇರಿಯದ ಕಡೆಯವಳು, ಶಾಲೆಯಲ್ಲಿ ಟೀಚರ್. ವಯಸ್ಸು 43, ಎತ್ತರ 5 ಅಡಿ 2 ಇಂಚು, ತೂಕ 56 ಕೆ.ಜಿ. ಹೋದ ವರ್ಷ ತಮ್ಮನ 65 ಲೀಟರಿನ ಬ್ಯಾಗ್ ಹೊತ್ತುಕೊಂಡು ಕುಮಾರ ಪರ್ವತಕ್ಕೆ ಹೋಗಿದ್ದೆ. ಬ್ಯಾಗ್ 14 ಕೆ.ಜಿ. ಇತ್ತು. ದಾರಿ ನಡುವಿನ ಗಿರಿಗದ್ದೆ ಮುಟ್ಟುವಷ್ಟರಲ್ಲಿ ಹೆಗಲು ಸೋತುಹೋಯಿತು. ಸೊಂಟದ ಎರಡೂ ಬದಿ ಚರ್ಮ ಕಿತ್ತಿತ್ತು. ಮನೆಗೆ ಬಂದ ಮೇಲೂ ಎರಡು ದಿನ ಬಲಗೈ ಬೆರಳುಗಳಲ್ಲಿ ಜೋಮು. ಈ ಸಲ ಕ್ರಿಸ್ಮಸ್ ರಜೆಯಲ್ಲಿ ನಾವು ಆರು ಜನ ಟೀಚರುಗಳು ಹಿಮಾಲಯದ ಕೇದಾರಕಾಂತಕ್ಕೆ ಹೊರಟಿದ್ದೇವೆ. ಅಂಗಡಿಯವರು 60 ಲೀಟರಿಗಿಂತ ಕಡಿಮೆ ಬೇಡ ಅಂತಾರೆ. ಮಗ ಫೋನಿನಲ್ಲಿ ದಿನಕ್ಕೊಂದು ಬ್ಯಾಗ್ ತೋರಿಸ್ತಾನೆ. ಮನೆಯವರು ‘ಸ್ಕೂಲ್ ಬ್ಯಾಗ್ ಸಾಕು’ ಅಂತ ನಗ್ತಾರೆ. ಸೊಂಟದ ಬೆಲ್ಟ್ ಬರೀ ಸ್ಟೈಲಿಗೆ ಅಂತಾರೆ, ಹೌದಾ? ಹೆಂಗಸರ ಬ್ಯಾಗ್ ಅಂತ ಬೇರೆ ಇರುತ್ತದಾ? ಬಜೆಟ್ ಆರು ಸಾವಿರ. ಜೋಮು ಬಂದದ್ದು ಯೋಚಿಸಿದರೆ ಹೆದರಿಕೆ ಆಗುತ್ತದೆ. ಹೋಗಬಹುದಾ ಡಾಕ್ಟ್ರೇ? ಅವತ್ತಿನ ಎರಡು ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ಒಂದು ತಿದ್ದುಪಡಿ ಟೀಚರೇ. ನಾನು ಡಾಕ್ಟರ್ ಅಲ್ಲ, ಫಿಸಿಯೋಥೆರಪಿಸ್ಟ್. ವಾರವಿಡೀ ಜನರ ಬೆನ್ನು, ಕುತ್ತಿಗೆ ನೋಡುತ್ತೇನೆ. ಭಾನುವಾರ ಬಂದರೆ ನನ್ನ ಬೆನ್ನಿಗೂ ಒಂದು ಬ್ಯಾಗ್ ಏರಿಸಿ ಗುಡ್ಡದ ಕಡೆ ಹೊರಡುತ್ತೇನೆ. ಹಾಗಾಗಿ ನಿಮ್ಮ ಪ್ರಶ್ನೆ ನನ್ನ ಎರಡೂ ಕಡೆಗೆ ಬಂತು.

ನೀವು ಕೇಳಿದ್ದು ಯಾವ ಬ್ಯಾಗ್ ಕೊಳ್ಳಲಿ ಅಂತ. ಒಳಗಿನ ಪ್ರಶ್ನೆ ಬೇರೆ ಅಲ್ವಾ? ತೊಂದರೆ ಬ್ಯಾಗಿನದ್ದಾ, ನನ್ನ ದೇಹದ್ದಾ, ವಯಸ್ಸಿನದ್ದಾ? ಫೋಟೋ ನೋಡಿದೆ. ಬಹುಪಾಲು ಬ್ಯಾಗಿನದ್ದೇ.

ಮೊದಲ ಫೋಟೋದಲ್ಲಿ ನೀವು ಪಕ್ಕಕ್ಕೆ ತಿರುಗಿ ನಿಂತಿದ್ದೀರಿ. ಹೆಗಲ ಪಟ್ಟಿ ನಿಮ್ಮ ಹೆಗಲಿಗಿಂತ ಮೇಲೆ ಶುರುವಾಗುತ್ತದೆ. ಪಟ್ಟಿಗೂ ಬೆನ್ನಿಗೂ ನಡುವೆ ಒಂದು ಅಂಗೈ ತೂರುವಷ್ಟು ಜಾಗ. ಬೆಲ್ಟ್ ಸೊಂಟದ ಮೂಳೆಯ ಮೇಲಿಲ್ಲ, ಕೆಳಗೆ ಜಾರಿ ತೊಡೆ ಮಡಚುವ ಜಾಗಕ್ಕೆ ಬಂದಿದೆ. ನೀವು ಮುಂದಕ್ಕೆ ಬಾಗಿ, ಗದ್ದ ಚಾಚಿ ನಿಂತಿದ್ದೀರಿ. ಎರಡನೇ ಫೋಟೋ ಹಿಂದಿನಿಂದ ತೆಗೆದದ್ದು. ಬಲಬದಿಯ ಜೇಬಿನಲ್ಲಿ ಎರಡು ಲೀಟರಿನ ಬಾಟ್ಲಿ, ಎಡಬದಿ ಖಾಲಿ. ಬ್ಯಾಗ್ ಬಲಕ್ಕೆ ವಾಲಿದೆ. ನಿಮ್ಮ ಕಥೆ ಪೂರ್ತಿ ಇಷ್ಟರಲ್ಲೇ ಇದೆ.

ನಮ್ಮ ಅಜ್ಜಿಯಂದಿರು ಬಾವಿಯಿಂದ ಕೊಡಪಾನ ತರುವಾಗ ಅದನ್ನು ಎಲ್ಲಿ ಕೂರಿಸುತ್ತಿದ್ದರು, ನೆನಪು ಮಾಡಿಕೊಳ್ಳಿ. ಸೊಂಟದ ಬದಿಯಲ್ಲಿ, ಕೈ ಇಟ್ಟರೆ ಗಟ್ಟಿಯಾಗಿ ಸಿಗುವ ಮೂಳೆಯ ಅಂಚಿನ ಮೇಲೆ. ಕೈ ಬರೀ ಜಾರದಂತೆ ಹಿಡಿಯಲಿಕ್ಕೆ. ಭಾರವೆಲ್ಲ ಮೂಳೆಗೆ, ಅಲ್ಲಿಂದ ಕಾಲಿಗೆ, ಕಾಲಿನಿಂದ ನೆಲಕ್ಕೆ. ಚಾರಣದ ಬ್ಯಾಗಿನ ಬೆಲ್ಟ್ ಮಾಡುವುದೂ ಇದನ್ನೇ. ಕೊಡಪಾನ ಕೂರುತ್ತಿದ್ದ ಜಾಗದಲ್ಲೇ ಬೆಲ್ಟ್ ಕೂರಬೇಕು. ವ್ಯತ್ಯಾಸ ಇಷ್ಟೇ, ಕೊಡಪಾನ ಒಂದು ಬದಿಗೆ, ಬೆಲ್ಟ್ ಎರಡೂ ಬದಿಗೆ. ಹೆಗಲ ಪಟ್ಟಿಯ ಕೆಲಸ ಬ್ಯಾಗ್ ಹಿಂದಕ್ಕೆ ಬೀಳದಂತೆ ಹಿಡಿಯುವುದು, ಹೊರುವುದಲ್ಲ.

ಅಂದ ಮೇಲೆ ಬೆಲ್ಟ್ ಸ್ಟೈಲಿಗೆ ಅನ್ನುವ ಮಾತು ಹೇಗೆ ನಿಂತೀತು? ಆದರೆ ಹೇಳಿದವರೂ ಪೂರ್ತಿ ತಪ್ಪಲ್ಲ. ಕೆಲವು ಅಗ್ಗದ ಬ್ಯಾಗುಗಳಲ್ಲಿ ಎರಡು ಬೆರಳು ಅಗಲದ ನೈಲಾನ್ ಪಟ್ಟಿ ಹೊಲಿದು ಅದನ್ನೇ ಬೆಲ್ಟ್ ಅಂತ ಕರೆಯುತ್ತಾರೆ. ಅದು ನಿಜವಾಗಿ ಸ್ಟೈಲಿಗೇ. ಬೆಲ್ಟ್‌ನಲ್ಲಿ ಗಟ್ಟಿ ಫೋಮ್ ಇರಬೇಕು. ಬ್ಯಾಗಿನ ಬೆನ್ನೊಳಗೆ ಅಲ್ಯೂಮಿನಿಯಂ ಕಡ್ಡಿಯೋ ಪ್ಲಾಸ್ಟಿಕ್ ಹಲಗೆಯೋ ಇರಬೇಕು. ಕಡ್ಡಿ ಇಲ್ಲದಿದ್ದರೆ ಬ್ಯಾಗ್ ಕುಸಿಯುತ್ತದೆ, ಭಾರ ಬೆಲ್ಟ್ ತನಕ ಇಳಿಯುವುದೇ ಇಲ್ಲ. 1952ರ ಹೊತ್ತಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಕ್ ಕೆಲ್ಟಿ ಎಂಬವರು ಅಲ್ಯೂಮಿನಿಯಂ ಚೌಕಟ್ಟಿನ ಬ್ಯಾಗ್ ಮಾಡಿ ಮಾರತೊಡಗಿದರು. ಗುಡ್ಡ ಹತ್ತುವಾಗ ಚೌಕಟ್ಟಿನ ತುದಿಗಳನ್ನು ಪ್ಯಾಂಟಿನ ಹಿಂದಿನ ಜೇಬಿಗೆ ಸಿಕ್ಕಿಸಿದರೆ ಹೆಗಲು ಹಗುರಾಗುತ್ತದೆ ಅಂತ ಗೊತ್ತಾಗಿ ಬೆಲ್ಟಿನ ಯೋಚನೆ ಬಂತು ಅಂತ ಒಂದು ಕಥೆ ಇದೆ. ನಮ್ಮ ಅಜ್ಜಿಯನ್ನು ಕೇಳಿದ್ದರೆ ಪ್ಯಾಂಟ್ ಹರಿಯುವುದು ತಪ್ಪುತ್ತಿತ್ತು.

ನಿಮ್ಮ ತಮ್ಮ ನಿಮಗಿಂತ ಎತ್ತರ ಅಂತ ಫೋಟೋದಲ್ಲೇ ಕಾಣುತ್ತದೆ. ಅವರ ಬೆನ್ನಿಗೆ ಹೊಂದಿಸಿದ ಬ್ಯಾಗ್ ನಿಮಗೆ ಉದ್ದ. ಉದ್ದದ ಬ್ಯಾಗ್ ಹೊತ್ತರೆ ಎರಡರಲ್ಲಿ ಒಂದಾಗುತ್ತದೆ. ಬೆಲ್ಟನ್ನು ಸರಿಯಾದ ಜಾಗಕ್ಕೆ ಕಟ್ಟಿದರೆ ಪಟ್ಟಿ ಹೆಗಲನ್ನು ಮುಟ್ಟುವುದಿಲ್ಲ, ಬ್ಯಾಗ್ ಹಿಂದಕ್ಕೆ ಎಳೆಯುತ್ತದೆ. ಪಟ್ಟಿಯನ್ನು ಬಿಗಿದರೆ ಬೆಲ್ಟ್ ಕೆಳಗೆ ಜಾರುತ್ತದೆ. ನಿಮಗೆ ಎರಡನೆಯದ್ದು ಆಗಿದೆ. ಜಾರಿದ ಬೆಲ್ಟ್ ಒಂದೊಂದು ಹೆಜ್ಜೆಗೂ ತೊಡೆಯ ಬುಡ ಉಜ್ಜಿತು, ಚರ್ಮ ಕಿತ್ತಿತು. ನೋವಿಗೆ ನೀವು ಬೆಲ್ಟ್ ಸಡಿಲಿಸಿರುತ್ತೀರಿ, ಎಲ್ಲರೂ ಮಾಡುವುದೇ ಅದು. ಆಮೇಲೆ 14 ಕೆ.ಜಿ.ಯೂ ಹೆಗಲಿಗೆ ಬಂತು.

ಈಗ ಜೋಮಿನ ವಿಷಯ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಬೇಕು. ಕುತ್ತಿಗೆಯಿಂದ ಹೊರಟ ನರಗಳ ಒಂದು ಗೊಂಚಲು ಕೊರಳಿನ ಕೆಳಗಿನ ಅಡ್ಡ ಮೂಳೆಯ ಅಡಿಯಿಂದ ಹಾದು ಕೈಗೆ ಇಳಿಯುತ್ತದೆ. ಹೆಗಲ ಪಟ್ಟಿ ಗಂಟೆಗಟ್ಟಲೆ ಅಲ್ಲಿ ಒತ್ತಿದರೆ ಬೆರಳಿಗೆ ಜೋಮು ಬರುತ್ತದೆ. ಸೈನಿಕರಲ್ಲಿ ಇದು ಹಳೇ ಸಮಸ್ಯೆ, ‘ರಕ್‌ಸ್ಯಾಕ್ ಪಾಲ್ಸಿ’ ಅಂತ ಅದಕ್ಕೆ ಹೆಸರೇ ಇದೆ. ಜೋರಾದರೆ ಕೈ ಮೇಲೆತ್ತಲಿಕ್ಕೆ ಬಲ ಸಾಲುವುದಿಲ್ಲ, ಕೆಲವರಿಗೆ ಬೆನ್ನಿನ ರೆಕ್ಕೆ ಮೂಳೆ ಹೊರಕ್ಕೆ ಚಾಚಿ ನಿಲ್ಲುತ್ತದೆ. ನಿಮ್ಮದು ಎರಡೇ ದಿನದಲ್ಲಿ ಹೋಯಿತು, ಆ ಬಲಬದಿಯ ಬಾಟ್ಲಿಯೂ ಒಂದು ಕಾರಣ ಇರಬಹುದು. ಹಾಗಾಗಿ ಹೆದರುವಷ್ಟು ಕಾಣುವುದಿಲ್ಲ. ಆದರೆ ಫೋಟೋ ನೋಡಿ ಕೈಯನ್ನು ಪರೀಕ್ಷೆ ಮಾಡಲಿಕ್ಕೆ ಆಗುವುದಿಲ್ಲ. ರಾತ್ರಿ ನಿದ್ದೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗುತ್ತದಾ? ಕುತ್ತಿಗೆ ಒಂದು ಕಡೆ ತಿರುಗಿಸಿದರೆ ಕೈಗೆ ಎಳೆತ ಬರುತ್ತದಾ? ಬೋರ್ಡಿನಲ್ಲಿ ಬರೆಯುವಾಗ ಕೈ ಸೋಲುತ್ತದಾ? ಇವುಗಳಲ್ಲಿ ಒಂದಕ್ಕೆ ‘ಹೌದು’ ಅಂತಾದರೂ ಕಾರಣ ಮಣಿಕಟ್ಟಿನಲ್ಲೋ ಕುತ್ತಿಗೆಯಲ್ಲೋ ಇರಬಹುದು. ಆಗ ಬರೀ ಬ್ಯಾಗ್ ಬದಲಿಸಿದರೆ ಸರಿಹೋಗುವುದಿಲ್ಲ. ಹೊರಡುವುದಕ್ಕೆ ಒಂದು ತಿಂಗಳು ಮುಂಚೆಯೇ ಹತ್ತಿರದ ಡಾಕ್ಟರಿಗೆ ತೋರಿಸಿ.

ಇನ್ನು ಬ್ಯಾಗ್. ಅಂಗಡಿಯಲ್ಲಿ ಎಲ್ಲರೂ ಮೊದಲು ಕೇಳುವುದು ಎಷ್ಟು ಲೀಟರ್ ಅಂತ. ಚಪ್ಪಲಿ ಅಂಗಡಿಯಲ್ಲಿ ಕಾಲಿನ ಅಳತೆ ಬಿಟ್ಟು ಚಪ್ಪಲಿಯ ತೂಕ ಕೇಳಿದ ಹಾಗಾಯಿತು ಅದು. ಮೊದಲು ಬೇಕಾದದ್ದು ನಿಮ್ಮ ಬೆನ್ನಿನ ಉದ್ದ. ಇದನ್ನು ಒಬ್ಬರೇ ಅಳೆಯಲಿಕ್ಕಾಗುವುದಿಲ್ಲ, ಸ್ಕೂಲ್ ಬ್ಯಾಗ್ ಸಾಕು ಅಂತ ನಕ್ಕವರ ಕೈಗೆ ಟೈಲರ್ ಟೇಪು ಕೊಡಿ. ತಲೆ ಬಗ್ಗಿಸಿ. ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಉಬ್ಬಿ ಕಾಣುತ್ತದೆ, ಟೇಪಿನ ತುದಿ ಅಲ್ಲಿಗೆ. ಆಮೇಲೆ ಸೊಂಟದ ಎರಡೂ ಬದಿಯ ಮೂಳೆಯ ಅಂಚಿನ ಮೇಲೆ ಕೈ ಇಟ್ಟುಕೊಳ್ಳಿ, ಹೆಬ್ಬೆರಳು ಹಿಂದಕ್ಕೆ. ಎರಡು ಹೆಬ್ಬೆರಳಿನ ನಡುವೆ ಒಂದು ಗೆರೆ ಎಳೆದರೆ ಅದು ಬೆನ್ನನ್ನು ಎಲ್ಲಿ ದಾಟುತ್ತದೋ ಅಲ್ಲಿಯವರೆಗೆ ಟೇಪನ್ನು ಬೆನ್ನಿನ ತಗ್ಗಿಗೆ ತಾಗಿಸಿಯೇ ತರಬೇಕು. ಗಾಳಿಯಲ್ಲಿ ನೇರ ಹಿಡಿದರೆ ಲೆಕ್ಕ ತಪ್ಪುತ್ತದೆ.

ದೊಡ್ಡವರಲ್ಲಿ ಇದು ಸಾಮಾನ್ಯವಾಗಿ 38ರಿಂದ 53 ಸೆಂಟಿಮೀಟರ್ ಒಳಗೆ ಬರುತ್ತದೆ. ಸುಮಾರಾಗಿ ಹೇಳುವುದಾದರೆ 40ರಿಂದ 44 ಸ್ಮಾಲ್, 45ರಿಂದ 49 ಮೀಡಿಯಂ, 50ರ ಮೇಲೆ ಲಾರ್ಜ್. ಕಂಪನಿಯಿಂದ ಕಂಪನಿಗೆ ಒಂದೆರಡು ಸೆಂಟಿಮೀಟರ್ ಆಚೀಚೆ. ಎತ್ತರ ನೋಡಿ ಇದನ್ನು ಊಹಿಸಲಿಕ್ಕೆ ಹೋಗಬೇಡಿ. ನಾನು 5 ಅಡಿ 8 ಇಂಚು ಇದ್ದೇನೆ, ಬೆನ್ನು ಬರೀ 44. ಎತ್ತರವೆಲ್ಲ ಕಾಲಿಗೆ ಹೋಗಿದೆ. ನನಗಿಂತ ನಾಲ್ಕು ಇಂಚು ಗಿಡ್ಡ ಇರುವ ಗೆಳೆಯನ ಬೆನ್ನು 47. ಎಷ್ಟೋ ವರ್ಷ ಮೀಡಿಯಂ ಬ್ಯಾಗ್ ಹೊತ್ತು, ನನ್ನ ಹೆಗಲೇ ವೀಕು ಅಂದುಕೊಂಡಿದ್ದೆ. ದಿನಾ ಬೆನ್ನು ನೋಡುವ ಕಸುಬಿನವನು ನಾನು, ನನ್ನದನ್ನು ಅಳೆದು ನೋಡಲಿಲ್ಲ!

ಹೆಂಗಸರ ಬ್ಯಾಗ್ ಅಂದರೆ ಬಣ್ಣ ಮಾತ್ರ ಬೇರೆ ಅನ್ನುವವರಿದ್ದಾರೆ. ಒಳ್ಳೆಯ ಬ್ಯಾಗಿನಲ್ಲಿ ಹಾಗಲ್ಲ. ಬೆನ್ನಿನ ಅಳತೆ ಚಿಕ್ಕದರಿಂದ ಶುರುವಾಗುತ್ತದೆ. ಹೆಗಲ ಪಟ್ಟಿಗಳು ಹತ್ತಿರ ಹತ್ತಿರ ಇದ್ದು, ಎದೆಯನ್ನು ಒತ್ತದಂತೆ ಬಾಗಿರುತ್ತವೆ. ಬೆಲ್ಟ್ ಸೊಂಟದ ಇಳಿಜಾರಿಗೆ ತಕ್ಕ ಹಾಗೆ ಓರೆಯಾಗಿರುತ್ತದೆ. ನಿಮ್ಮ ಮೈಕಟ್ಟಿಗೆ ಅದು ಸರಿಹೊಂದುವ ಸಾಧ್ಯತೆ ಜಾಸ್ತಿ. ಆದರೆ ಲೇಬಲ್ ನೋಡಿ ಕೊಳ್ಳಬೇಡಿ, ಹಾಕಿ ನೋಡಿ ಕೊಳ್ಳಿ. ಹೆಗಲು ಅಗಲ ಇರುವ ಹೆಂಗಸರಿಗೆ ಗಂಡಸರ ಬ್ಯಾಗೇ ಚೆನ್ನಾಗಿ ಕೂರುವುದನ್ನು ನೋಡಿದ್ದೇನೆ, ಸಣಕಲು ಹುಡುಗರಿಗೆ ಹೆಂಗಸರದ್ದು.

ಲೀಟರಿನ ಲೆಕ್ಕ ಈಗ ಸುಲಭ. ಕೇದಾರಕಾಂತ ಉತ್ತರಾಖಂಡದಲ್ಲಿ, ಸಾಂಕ್ರಿ ಎಂಬ ಹಳ್ಳಿಯಿಂದ ಹತ್ತುವುದು, ತುದಿ ಸುಮಾರು 12,500 ಅಡಿ. ಗುಂಪಿನಲ್ಲಿ ಕರೆದುಕೊಂಡು ಹೋಗುವವರಾದರೆ ಟೆಂಟು, ಸ್ಲೀಪಿಂಗ್ ಬ್ಯಾಗ್, ಅಡುಗೆ ಸಾಮಾನು ಸಾಮಾನ್ಯವಾಗಿ ಹೇಸರಗತ್ತೆ ಮೇಲೆ ಬರುತ್ತದೆ. ಬುಕ್ ಮಾಡುವಾಗ ಅದನ್ನು ಖಚಿತ ಮಾಡಿಕೊಳ್ಳಿ. ನಿಮ್ಮ ಬೆನ್ನಿಗೆ ಬರುವುದು ಬಟ್ಟೆ, ದಪ್ಪ ಜಾಕೆಟ್, ನೀರು, ಟಾರ್ಚ್, ಔಷಧಿ, ತಿಂಡಿ. ಅದಕ್ಕೆ 40ರಿಂದ 45 ಲೀಟರ್ ಧಾರಾಳ. 60 ಲೀಟರ್ ಬೇಕಾಗುವುದು ಟೆಂಟೂ ಅಕ್ಕಿಯೂ ನೀವೇ ಹೊರುವುದಾದರೆ. ದೊಡ್ಡದು ತಗೊಂಡರೆ ಎಲ್ಲದಕ್ಕೂ ಆಗುತ್ತದೆ ಅನ್ನುವುದು ಅಂಗಡಿಯ ಮಾತು. ಖಾಲಿ ಜಾಗ ಇದ್ದರೆ ನಮ್ಮ ಕೈ ಸುಮ್ನೆ ಕೂರುತ್ತದಾ? ಇನ್ನೊಂದು ಸ್ವೆಟರ್, ಒಂದು ಡಬ್ಬ ಚಕ್ಕುಲಿ, ಮಾಂಬಳ ಎಲ್ಲ ಒಳಗೆ ಹೋಗುತ್ತದೆ.

ಭಾರ ನಿಮ್ಮ ತೂಕದ ಐದರಲ್ಲೊಂದು ಪಾಲು ದಾಟಬಾರದು ಅನ್ನುವುದು ರೂಢಿಯ ಲೆಕ್ಕ, ಕಲ್ಲಿನ ಮೇಲೆ ಕೆತ್ತಿದ್ದೇನಲ್ಲ. ಹಾಗೆ ನೋಡಿದರೆ ನಿಮಗೆ 11 ಕೆ.ಜಿ. ಕುಮಾರ ಪರ್ವತಕ್ಕೆ ನೀವು ಹೊತ್ತದ್ದು ನಾಲ್ಕರಲ್ಲೊಂದು ಪಾಲು. ಎತ್ತರದಲ್ಲಿ ಗಾಳಿ ತೆಳು, ಹಿಮದಲ್ಲಿ ಕಾಲು ಹೂತು ನಡೆಯಬೇಕು, ಮೇಲಿಂದ ಈ ಜೋಮಿನ ಕಥೆ. ನಾನಾದರೆ ನೀರೂ ಬ್ಯಾಗಿನ ತೂಕವೂ ಸೇರಿ 8ರಿಂದ 9 ಕೆ.ಜಿ.ಗೆ ನಿಲ್ಲಿಸುತ್ತೇನೆ. ಖಾಲಿ ಬ್ಯಾಗೇ ಒಂದೂವರೆ ಕೆ.ಜಿ. ತಿನ್ನುತ್ತದೆ, ನೀರು ಎರಡು. ಉಳಿದದ್ದು ಐದರ ಆಸುಪಾಸು. ಅಡಿಕೆ ತೂಗುವ ತಕ್ಕಡಿ ಮನೆಯಲ್ಲಿದ್ದರೆ ಬ್ಯಾಗನ್ನು ಅದಕ್ಕೇ ಏರಿಸಿ ನೋಡಿ.

ಅಂಗಡಿಗೆ ಹೋಗುವುದಾದರೆ ಮಂಗಳೂರಿಗೇ ಹೋಗಿ, ಹತ್ತಾರು ಬ್ಯಾಗ್ ಹಾಕಿ ನೋಡುವಷ್ಟು ಆಯ್ಕೆ ಇರುವ ಕಡೆ. ವಾರದ ನಡುವೆ, ಮಧ್ಯಾಹ್ನ ಹೊತ್ತು. ಆಗ ಜನ ಕಡಿಮೆ, ಅಂಗಡಿ ಹುಡುಗರಿಗೂ ತಾಳ್ಮೆ ಇರುತ್ತದೆ. ಖಾಲಿ ಬ್ಯಾಗ್ ಹಾಕಿ ಕನ್ನಡಿ ನೋಡುವುದರಿಂದ ಏನೂ ಗೊತ್ತಾಗುವುದಿಲ್ಲ. ಖಾಲಿ ಇದ್ದಾಗ ಎಲ್ಲ ಬ್ಯಾಗೂ ಒಳ್ಳೆಯದೇ. ಐದು ಕೆ.ಜಿ. ಅಕ್ಕಿಯ ಪೊಟ್ಟಣ, ಎರಡು ಬಾಟ್ಲಿ ನೀರು, ಒಂದು ಬೆಡ್‌ಶೀಟ್ ಕೊಂಡೊಯ್ಯಿರಿ. ನಾಚಿಕೆ ಬೇಡ. ಬೆಡ್‌ಶೀಟ್ ಬ್ಯಾಗಿನ ತಳಕ್ಕೆ, ಅಕ್ಕಿ ಬೆನ್ನಿಗೆ ತಾಗಿ ನಡುವಿಗೆ. ಭಾರದ ಸಾಮಾನು ಬೆನ್ನಿಂದ ದೂರ ಹೋದಷ್ಟೂ ಹಿಂದಕ್ಕೆ ಎಳೆಯುತ್ತದೆ. ಗೊಬ್ಬರದ ಬುಟ್ಟಿಯನ್ನು ಕೈ ಚಾಚಿ ಹಿಡಿದು ಎರಡು ಹೆಜ್ಜೆ ಇಡಿ, ಅರ್ಥವಾಗುತ್ತದೆ.

ಆಮೇಲೆ ಎಲ್ಲ ಪಟ್ಟಿ ಸಡಿಲಿಸಿ ಬ್ಯಾಗ್ ಏರಿಸಿ. ಮೊದಲು ಬೆಲ್ಟ್. ಅದರ ಫೋಮಿನ ನಡುಭಾಗ ಮೂಳೆಯ ಅಂಚಿನ ಮೇಲೆ ಬರಲಿ, ಆಮೇಲೆ ಬಕಲ್ ಹಾಕಿ ಬಿಗಿಯಿರಿ. ಮುಂದೆ ಎರಡು ಬದಿಯ ಫೋಮಿನ ನಡುವೆ ನಾಲ್ಕು ಬೆರಳಿನಷ್ಟು ಜಾಗ ಉಳಿಯಬೇಕು. ಒಂದಕ್ಕೊಂದು ತಾಗಿದರೆ ಆ ಬೆಲ್ಟ್ ನಿಮಗೆ ದೊಡ್ಡದು, ಎಷ್ಟು ಬಿಗಿದರೂ ಜಾರುತ್ತದೆ. ತೆಳ್ಳಗಿನವರು ಇಲ್ಲೇ ಮೋಸ ಹೋಗುವುದು. ಬೆಲ್ಟ್ ಕೂತ ಮೇಲೆ ಹೆಗಲ ಪಟ್ಟಿ ಎಳೆಯಿರಿ, ಹೆಗಲನ್ನು ಸುತ್ತಿ ಬೆನ್ನಿಗೆ ತಾಗುವಷ್ಟು, ಅದುಮುವಷ್ಟಲ್ಲ. ಹೆಗಲ ಮೇಲಿಂದ ಬ್ಯಾಗಿನ ತಲೆಗೆ ಓರೆಯಾಗಿ ಹೋಗುವ ಎರಡು ಸಣ್ಣ ದಾರ ಇರುತ್ತದೆ, ಬಹಳ ಜನ ಅದನ್ನು ಮುಟ್ಟುವುದೇ ಇಲ್ಲ. ಅದನ್ನು ಸ್ವಲ್ಪ ಎಳೆದರೆ ಬ್ಯಾಗಿನ ತಲೆ ನಿಮ್ಮ ಕಡೆ ಬರುತ್ತದೆ, ಹೆಗಲಿನ ಮೇಲಿನ ಒತ್ತಡ ತಟ್ಟನೆ ಕಡಿಮೆಯಾಗುತ್ತದೆ. ಕೊನೆಗೆ ಎದೆಯ ಪಟ್ಟಿ, ಉಸಿರು ಪೂರ್ತಿ ಎಳೆದುಕೊಳ್ಳಲಿಕ್ಕೆ ಬರುವಷ್ಟು ಸಡಿಲ. ಹಾಗೇ ಕಾಲು ಗಂಟೆ ನಡೆಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ. ಹೆಗಲ ಪಟ್ಟಿಯ ಅಡಿಗೆ ಒಂದು ಬೆರಳು ಸುಲಭವಾಗಿ ತೂರಿದರೆ ಭಾರ ಸೊಂಟಕ್ಕೆ ಇಳಿದಿದೆ ಅಂತ ಅರ್ಥ.

ಮೆತ್ತಗಿದ್ದಷ್ಟೂ ಒಳ್ಳೆಯದು ಅಂತ ಮಾತ್ರ ಮರುಳಾಗಬೇಡಿ. ಒತ್ತಿದರೆ ಹತ್ತಿಯ ಹಾಗೆ ಕುಗ್ಗುವ ಫೋಮು ಎರಡನೇ ದಿನಕ್ಕೆ ಚಪ್ಪಟೆ. ಬೆನ್ನಿನ ಕಡೆ ಬಲೆ ಹಾಕಿ ಗಾಳಿ ಆಡುವ ಹಾಗೆ ಮಾಡಿದ ಬ್ಯಾಗುಗಳೂ ಬರುತ್ತವೆ. ನಮ್ಮ ಕಾಸರಗೋಡಿನ ಸೆಖೆಗೆ, ರಾಣಿಪುರದಂಥ ಒಂದು ದಿನದ ಗುಡ್ಡಕ್ಕೆ ಅದು ಸುಖ. ಆದರೆ ಬಲೆಗಾಗಿ ಬಿಟ್ಟ ಜಾಗದಷ್ಟು ದೂರ ಭಾರ ಬೆನ್ನಿಂದ ಹಿಂದಕ್ಕೆ ಹೋಗುತ್ತದೆ. ಡಿಸೆಂಬರಿನ ಹಿಮಾಲಯದಲ್ಲಿ ಬೆನ್ನು ಬೆವರುವ ಚಿಂತೆ ಅಷ್ಟಿಲ್ಲ.

ಹಾಗಾದರೆ ನಿಮ್ಮ ಮುಂದೆ ಏನೇನಿದೆ? ತಮ್ಮನ ಬ್ಯಾಗನ್ನೇ ಇನ್ನೊಮ್ಮೆ ನೋಡಿ. ಬೆನ್ನಿನ ಕಡೆ ಹೆಗಲ ಪಟ್ಟಿಯನ್ನು ಮೇಲೆ ಕೆಳಗೆ ಸರಿಸುವ ವೆಲ್ಕ್ರೋ ಅಥವಾ ಮೆಟ್ಟಿಲಿನಂಥ ಕೊಂಡಿ ಇದ್ದರೆ ನಿಮ್ಮ ಅಳತೆಗೆ ಇಳಿಸಬಹುದು, ಖರ್ಚಿಲ್ಲ. ಆದರೂ 65 ಲೀಟರ್ ನಿಮಗೆ ಜಾಸ್ತಿ, ಬೆಲ್ಟ್ ದೊಡ್ಡದಾಗುವ ಸಾಧ್ಯತೆಯೂ ಇದೆ. ಬಾಡಿಗೆಗೆ ತರಬಹುದು, ಕರೆದೊಯ್ಯುವವರಲ್ಲೇ ಹಲವು ಸಲ ಸಿಗುತ್ತದೆ. ಒಂದೇ ಸಲದ ಪ್ರಯಾಣಕ್ಕೆ ಕೆಟ್ಟದ್ದಲ್ಲ. ಆದರೆ ಅಲ್ಲಿ ಹೋದ ಮೇಲೆ ಸ್ಮಾಲ್ ಇಲ್ಲ ಅಂದರೆ? ನಿಮ್ಮ ಜೋಮಿನ ಹಿನ್ನೆಲೆಯಲ್ಲಿ ನನಗೆ ಇದು ಒಪ್ಪಿಗೆಯಿಲ್ಲ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗಬಹುದು. ವಾಪಸ್ ತಗೊಳ್ಳುತ್ತಾರಾ ನೋಡಿ, ಬಂದ ದಿನವೇ ಅಕ್ಕಿ ತುಂಬಿಸಿ ಮನೆಯೊಳಗೆ ನಡೆಯಿರಿ, ಲೇಬಲ್ ಕೀಳಬೇಡಿ. ಹೊಸದು ಕೊಳ್ಳುವುದಾದರೆ ನನ್ನ ಸಲಹೆ 40-45 ಲೀಟರ್, ಬೆನ್ನಿನ ಉದ್ದ ಹೊಂದಿಸಲಿಕ್ಕೆ ಬರುವಂಥದ್ದು. ಆರು ಸಾವಿರದೊಳಗೆ ಹುಡುಕಿದರೆ ಸಿಗುತ್ತದೆ. ಹತ್ತಾರು ಜಿಪ್ಪು, ಹೊರಗೆ ನೇತಾಡುವ ಕೊಂಡಿಗಳಿಗೆ ದುಡ್ಡು ಕೊಡಬೇಡಿ. ರೈಲಿನಲ್ಲಿ ಸೀಟಿನಡಿಗೆ ತಳ್ಳುವಾಗ ಅವೇ ಸಿಕ್ಕಿ ಹರಿಯುವುದು.

ಇನ್ನೊಂದು ದಾರಿ, ದೊಡ್ಡ ಬ್ಯಾಗನ್ನು ಹೇಸರಗತ್ತೆಗೆ ಹಾಕಿ, ನೀರು, ಜಾಕೆಟ್, ಮಳೆ ಅಂಗಿ ಮಾತ್ರ ಇರುವ 20-25 ಲೀಟರಿನ ಸಣ್ಣ ಬ್ಯಾಗ್ ನೀವು ಹೊರುವುದು. ಇದಕ್ಕೆ ಪ್ರತ್ಯೇಕ ದುಡ್ಡು ಕೇಳುತ್ತಾರೆ. ಕೆಲವರಿಗೆ ಇದು ಅವಮಾನದ ಹಾಗೆ. ನನಗೆ ಹಾಗನ್ನಿಸುವುದಿಲ್ಲ. ನಿಮ್ಮವರ ಸ್ಕೂಲ್ ಬ್ಯಾಗಿನ ಮಾತು ಸ್ವಲ್ಪಮಟ್ಟಿಗೆ ನಿಜವಾಗುವುದು ಇಲ್ಲಿ ಮಾತ್ರ. ನಾಲ್ಕೈದು ಕೆ.ಜಿ. ಒಳಗೆ ಕಡ್ಡಿಯಿಲ್ಲದ ಬ್ಯಾಗೂ ನಡೆಯುತ್ತದೆ. ಒಂದು ಅಪಾಯ ಇದೆ. ಹೇಸರಗತ್ತೆ ಮುಂದೆ ಹೋಗಿರುತ್ತದೆ, ಹವೆ ಕೆಟ್ಟರೆ ಬೆಚ್ಚಗಿನ ಬಟ್ಟೆ ನಿಮ್ಮ ಹತ್ತಿರ ಇರುವುದಿಲ್ಲ. ಹಾಗಾಗಿ ಜಾಕೆಟ್, ಟೊಪ್ಪಿ, ಕೈಗವಸು, ಔಷಧಿ ಯಾವತ್ತೂ ಸಣ್ಣ ಬ್ಯಾಗಿನಲ್ಲೇ.

ಯಾವುದು ಅಂತ ಈಗಲೇ ತೀರ್ಮಾನ ಬೇಡ. ಬ್ಯಾಗ್ ಸಿಕ್ಕಿದ ಮೇಲೆ ಮೂರು ಭಾನುವಾರ ನಮ್ಮ ಪೊಸಡಿ ಗುಂಪೆ ಗುಡ್ಡ ಹತ್ತಿ. ಮೊದಲ ವಾರ ನಾಲ್ಕು ಕೆ.ಜಿ., ಆಮೇಲೆ ಆರು, ಆಮೇಲೆ ಎಂಟು. ಮೇಲೆ ಕೂತು ಸಮುದ್ರ ನೋಡುವಾಗ ಬೆರಳುಗಳನ್ನು ಗಮನಿಸಿ. ಎಂಟು ಕೆ.ಜಿ.ಯಲ್ಲೂ ಜೋಮಿಲ್ಲ ಅಂದರೆ ಬ್ಯಾಗ್ ನೀವೇ ಹೊರಿ. ಸ್ವಲ್ಪ ಬಂದರೂ ಹೇಸರಗತ್ತೆಗೆ ಬುಕ್ ಮಾಡಿ, ನನಗೂ ಒಮ್ಮೆ ಕೈ ತೋರಿಸಿ. ನೀರನ್ನು ಒಂದೊಂದು ಲೀಟರಿನ ಎರಡು ಬಾಟ್ಲಿಯಲ್ಲಿ, ಆಚೆಗೊಂದು ಈಚೆಗೊಂದು.

ಮಳೆಗಾಲದಲ್ಲಿ ಇಲ್ಲಿ ನಡೆಯುವಾಗ ಒಂದು ವಿಷಯ. ರೈನ್ ಕವರ್ ಹೊರಗಿನ ಮಳೆ ತಡೆಯುತ್ತದೆ, ಆದರೆ ಕುತ್ತಿಗೆಯಿಂದ ಇಳಿದ ನೀರು ಬೆನ್ನಿನ ಕಡೆಯಿಂದ ಒಳಗೆ ಬರುತ್ತದೆ. ಗೊಬ್ಬರದ ಚೀಲದೊಳಗಿನ ದಪ್ಪ ಪ್ಲಾಸ್ಟಿಕನ್ನು ಚೆನ್ನಾಗಿ ತೊಳೆದು ಒಣಗಿಸಿ ಬ್ಯಾಗಿನೊಳಗೆ ಹಾಕಿ, ಬಟ್ಟೆ ಅದರೊಳಗೆ ತುಂಬಿಸಿ ಬಾಯಿ ತಿರುಚಿ. ಇಷ್ಟು ವರ್ಷ ಇಂಬುಳ (ಜಿಗಣೆ) ಬಿಟ್ಟು ಬೇರೇನೂ ಅದರೊಳಗೆ ನುಗ್ಗಿದ್ದು ನಾನು ನೋಡಿಲ್ಲ.

ತಮ್ಮನ ಬ್ಯಾಗ್ ವಾಪಸ್ ಕೊಡುವ ಮುಂಚೆ ಒಳಗೆ ಕೈ ಹಾಕಿ ನೋಡಿ. ನಮ್ಮ ಕಡೆ ಅಟ್ಟದಲ್ಲಿ ಮಡಚಿಟ್ಟ ಬ್ಯಾಗ್ ಒಂದೆರಡು ಮಳೆಗಾಲ ಕಳೆದರೆ ಬೂಸಲು ಹಿಡಿಯುತ್ತದೆ, ಒಳಗಿನ ಲೇಪ ಅಂಟಂಟಾಗಿ ಹುಡಿ ಹುಡಿ ಉದುರುತ್ತದೆ. ಹಾಗಾಗಿದ್ದರೆ ಅದು ನಿಮ್ಮ ತಪ್ಪಲ್ಲ, ತೇವದ್ದು. ಆಗದಿದ್ದರೆ ನೆರಳಿನಲ್ಲಿ ಗಾಳಿಗೆ ಒಂದು ದಿನ ನೇತುಹಾಕಿ, ಎಲ್ಲ ಜಿಪ್ಪೂ ತೆರೆದಿಟ್ಟು, ಆಮೇಲೆ ಕೊಡಿ.